ಮೂರು ಕಾಯಿ, ಒಂದು ಹೋಳು

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಈಗ ಎಷ್ಟಾಯಿತು ಅಂತ ನೀವೇ ಕೂಡಿಕೊಳ್ಳಿ. ಹೇಳಹೊರಟಿರುವುದು ನನ್ನ ನಾದಿನಿಯ ವಿಚಾರ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಮ್ಮ ನೆಂಟರೆಲ್ಲ ಯಾವ ಸಿನಿಮಾಕ್ಕೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಅಂತ ತೀರ್ಪು ಕೊಡುತ್ತಿದ್ದ ಈ ಮಹಾತಾಯಿಗೆ ಸಿನಿಮಾ ನೋಡುವುದೇ ಗೊತ್ತಿರಲಿಲ್ಲ! ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಅಂದುಕೊಂಡಿರಾ? ಹೌದು, ಹೊಟ್ಟೆಕಿಚ್ಚೇ. ಸುಳ್ಳು ಯಾಕೆ ಹೇಳಲಿ? ಆದರೆ ಮಾತು ಮಾತ್ರ ನಿಜ.

ನಾದಿನಿ ಅಂದರೆ ನಮ್ಮ ಯಜಮಾನರ ತಂಗಿ. ನನಗಿಂತ ಆರು ವರ್ಷ ಚಿಕ್ಕವಳು. ಇರುವುದು ಚೇಳೂರಿನಲ್ಲಿ. ಮನೆಯ ಹಿಂದೆ ಹದಿನೆಂಟು ತೆಂಗಿನ ಮರ. ಹುಟ್ಟಿದಾಗಿನಿಂದ ಕಾಯಿ ನೋಡೀ ನೋಡೀ ಅವಳಿಗೆ ಲೋಕವೆಲ್ಲ ಕಾಯಿಯಾಗಿಯೇ ಕಾಣುತ್ತದೆ. ನೆಂಟರ ಹುಡುಗಿಗೆ ಗಂಡು ನೋಡಲು ಕರೆದುಕೊಂಡು ಹೋದರೆ, ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಮೇಲ್ಗಡೆ ಚೆನ್ನಾಗವ್ನೆ, ಅಲ್ಲಾಡಿಸಿದ್ರೆ ನೀರಿಲ್ಲ" ಅಂದವಳು. ಹುಡುಗನ ತಾಯಿ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಹಾಗೇ ಒಳಗೆ ತೆಗೆದುಕೊಂಡು ಹೋದರು!

ನನ್ನ ಸೊಸೆ ಮೊಬೈಲಿನಲ್ಲಿ ನೆಂಟರದೆಲ್ಲ ಒಂದು ಗ್ರೂಪು ಮಾಡಿದ್ದಳು. ನಲವತ್ತು ಜನ. ಸಿನಿಮಾ ನೋಡಿ ಬಂದವರು ಅದರಲ್ಲಿ ಐದಕ್ಕೆ ಇಷ್ಟು ನಕ್ಷತ್ರ ಅಂತ ಹಾಕುತ್ತಿದ್ದರು. ನಾದಿನಿಗೆ ನಕ್ಷತ್ರ ಹಿಡಿಸಲಿಲ್ಲ.

"ನಕ್ಷತ್ರನ ಯಾರ್ ಕೈಯಲ್ಲಿ ಹಿಡ್ದವ್ರೆ? ನಾನ್ ಕಾಯಿ ಕೊಡ್ತೀನಿ" ಅಂದಳು.

ಅಲ್ಲಿಂದ ಶುರುವಾಯಿತು. ತಿಂಗಳಿಗೆ ಎರಡು ಸಲ ಗುಬ್ಬಿ ಮೇಲೆ ಬಸ್ಸು ಹಿಡಿದು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬರುವಳು. ಕಂಕುಳಲ್ಲಿ ಕಡಲೆಪುರಿಯ ಚೀಲ. ಸೊಸೆ ಟಿಕೆಟ್ ತೆಗೆದುಕೊಡುವಳು. ನಾವಿಬ್ಬರೂ ಹೋಗಿ ನೋಡುವೆವು. ಹೊರಗೆ ಬಂದ ತಕ್ಷಣ, ಸ್ಕೂಟರ್‌ಗಳ ಮಧ್ಯೆ ನಿಂತು, ಫೋನನ್ನು ಹೋಳಿಗೆ ಹಿಡಿದ ಹಾಗೆ ಬಾಯಿ ಹತ್ತಿರ ಹಿಡಿದು ಹೇಳುವಳು: "ನಮಸ್ಕಾರ. ಇಂಟರ್ವಲ್ ಗಂಟ ಎಳನೀರು. ಆಮೇಲೆ ಬರೀ ಮಟ್ಟೆ. ಎರಡು ಕಾಯಿ, ಒಂದು ಹೋಳು."

ಅಷ್ಟೇ! ಸಾರು ಕುದಿ ಬರುವಷ್ಟರಲ್ಲಿ ನಲವತ್ತು ಜನರ ಚಪ್ಪಾಳೆ, ನಗುವ ಮುಖ, ಹೂವಿನ ಗೊಂಚಲು. ಹೋಳು ಅಂದರೆ ಅರ್ಧ ಅಂತ ಬೆಂಗಳೂರಿನ ಮಕ್ಕಳೂ ಕಲಿತುಬಿಟ್ಟರು. "ಚಿಪ್ಪು" ಅಂದರೆ ಮುಗಿಯಿತು, ಆ ಸಿನಿಮಾದ ಹತ್ತಿರ ನಮ್ಮವರು ಯಾರೂ ಸುಳಿಯುತ್ತಿರಲಿಲ್ಲ.

ನಾನು ಅದೇ ಸಿನಿಮಾವನ್ನು ಅದೇ ಕುರ್ಚಿಯ ಪಕ್ಕದಲ್ಲಿ ಕೂತು ನೋಡಿದವಳು. ಮನೆಯ ಹಿರಿ ಸೊಸೆ. ನನ್ನನ್ನು ಒಬ್ಬರಾದರೂ ಕೇಳಬೇಡವೇ? ಒಂದು ದಿನ ನಾನೂ ನಾಲ್ಕು ನಿಮಿಷ ಮಾತಾಡಿ ಕಳಿಸಿದೆ. ಹೀರೋಯಿನ್ನು ಮಲಗಿ ಎದ್ದರೂ ಕೂದಲು ಕೆದರಿರಲಿಲ್ಲ. ತಾಯಿಯ ಪಾತ್ರದವಳು ಮಗನಿಗಿಂತ ಚಿಕ್ಕವಳು. ಅಷ್ಟು ದೊಡ್ಡ ಮನೆಯಲ್ಲಿ ಊಟವಾದ ಮೇಲೆ ಒಬ್ಬರೂ ಪಾತ್ರೆ ತೊಳೆಯಲಿಲ್ಲ. ಎಲ್ಲ ಬಿಡಿಸಿ ಹೇಳಿದೆ. ಉತ್ತರ ಬಂದದ್ದು ಏನು? ಒಂದು ಹೆಬ್ಬೆಟ್ಟು. ಹೆಬ್ಬೆಟ್ಟು ನನಗೇನು ಹೊಸದೇ? ತಿಂಗಳಿಗೊಂದು ಸಲ ರೇಷನ್ ಅಂಗಡಿಯಲ್ಲಿ ನಾನೇ ಒತ್ತಿ ಬರುತ್ತೇನೆ!

ಥಿಯೇಟರಿನಲ್ಲಿ ಅವಳ ಕಾಟ ಬೇರೆ. ನಾನು ಅವಳ ಬಲಗಡೆಯೇ ಕೂರಬೇಕು. ಟಿಕೆಟ್ ಹಾಗೆ ಬರದಿದ್ದರೆ ಗುರುತು ಪರಿಚಯ ಇಲ್ಲದವರನ್ನೂ ಎಬ್ಬಿಸುವಳು. ಕಾಯಿ ಮಂಕರಿ ಹೊತ್ತೂ ಹೊತ್ತೂ ಅವಳ ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲವಂತೆ. ಪರದೆ ಇರುವುದು ಎದುರಿಗೆ, ಕುತ್ತಿಗೆ ತಿರುಗಿಸುವ ಕೆಲಸ ಎಲ್ಲಿ ಬಂತು? ನನ್ನ ದಡ್ಡ ತಲೆಗೆ ಅದು ಆಗ ಹೊಳೆಯಲೇ ಇಲ್ಲ. ಏಸಿ ಚಳಿಗೆ ನಾನು ತಲೆ ಮೇಲೆ ಸೆರಗು ಹೊದ್ದರೆ, "ಸೆಖೆ ಅಲ್ವಾ ಅತ್ಗೆಮ್ಮ" ಅಂತ ಎಳೆದು ಇಳಿಸುವಳು. ನಾನು ಕೈಮೇಲೆ ಒಂದು ಏಟು ಹಾಕಿ ಮತ್ತೆ ಹೊದೆಯುವೆನು. ಯಾವಾಗ ತಿರುಗಿದರೂ ಅವಳ ಕಣ್ಣು ನನ್ನ ಕಡೆಗೇ. ಕಡಲೆಪುರಿ ಎಷ್ಟು ತಿಂದೆ ಅಂತ ನೋಡುತ್ತಿದ್ದಾಳೆ, ಜಿಪುಣಿ ಅಂದುಕೊಂಡಿದ್ದೆ.

ಒಂದು ವಾರ ಅವಳ ಫೋನು ನೀರಿನ ಡ್ರಮ್ಮಿಗೆ ಬಿದ್ದು ಸತ್ತಿತ್ತು. "ಗ್ರೂಪ್‌ಗೆ ನೀನೇ ಹೇಳ್ಬುಡು ಅತ್ಗೆಮ್ಮ. ಇದಕ್ಕೆ ಒಂದೇ ಕಾಯಿ" ಅಂತ ಹೇಳಿ ಬಸ್ಸು ಹತ್ತಿದಳು. ಅದೇ ಸಾಯಂಕಾಲ ಕುಣಿಗಲ್‌ನಿಂದ ನನ್ನ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ಫೋನು ಮಾಡಿದರು.

"ಬೀಗ್ರೇ, ಚೆನ್ನಾಗಿದೀರಾ? ನಿಮ್ ನಾದಿನಿ ಎಷ್ಟ್ ಕಾಯಿ ಕೊಟ್ರು?"

"ನಾನೂ ನೋಡಿದೀನಿ ಆ ಸಿನಿಮಾನ."

"ಹೌದಾ? ಸಂತೋಷ, ಸಂತೋಷ. ಎಷ್ಟ್ ಕಾಯಿ?"

"ನಾಲ್ಕು" ಅಂದೆ! ಮುಂದಿನ ಭಾನುವಾರ ಅವರ ಮನೆಯ ಏಳು ಜನ ಒಂದು ಕಾರಿನಲ್ಲಿ ಒತ್ತಿಕೊಂಡು ತುಮಕೂರಿಗೆ ಬಂದರು. ಇಂಟರ್ವಲ್‌ಗೆ ಎದ್ದು ಹೊರಗೆ ಬಂದರು. ಈಗ ನಾದಿನಿಯ ಮಾನ ಹೋಯಿತು ಅಂತ ನಾನು ಕಾಫಿ ಕುಡಿಯುತ್ತಾ ಕೂತಿದ್ದರೆ, ರಿಪೇರಿಯಾದ ಫೋನಿನಿಂದ ಗ್ರೂಪಿಗೆ ಅವಳ ಧ್ವನಿ ಬಂತು: "ನಮ್ಮತ್ಗೆಮ್ಮ ಸರಿಯಾಗೇ ಹೇಳವ್ರೆ. ನಾನೇ ನಾಕು ಅಂದಿದ್ದೆ. ನಂದೇ ತಪ್ಪು, ಕ್ಷಮಿಸ್ಬುಡಿ."

ಎಂಥ ದೊಡ್ಡ ಮನಸ್ಸು ಅಂತ ಮತ್ತೆ ನಲವತ್ತು ಜನರ ಚಪ್ಪಾಳೆ! ಸುಳ್ಳು ಹೇಳಿದವಳು ನಾನು, ಹೂವಿನ ಗೊಂಚಲು ಅವಳಿಗೆ. ನನ್ನನ್ನು ಉಳಿಸಿದಳಲ್ಲ ಅನ್ನುವುದೇ ಇನ್ನೂ ದೊಡ್ಡ ಉರಿಯಾಯಿತು.

ಅದಾದ ಮೇಲೆ ಆ ಅಳುಮುಂಜಿ ಸಿನಿಮಾ ಬಂತು. ಗಂಡ ಆಸ್ಪತ್ರೆಯಲ್ಲಿ, ಹೆಂಡತಿ ಫ್ಲಾಸ್ಕ್ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾಳೆ, ಇಳಿಯುತ್ತಾಳೆ. ಅದೇ ಕಥೆ. ಹೊರಗೆ ಬಂದು ನಾದಿನಿ ಫೋನು ಹಿಡಿದು ಒಂದೇ ಮಾತು ಹೇಳಿದಳು: "ಐದು ಕಾಯಿ." ಅದುವರೆಗೆ ಯಾವ ಸಿನಿಮಾಕ್ಕೂ ಐದು ಕೊಟ್ಟವಳಲ್ಲ.

ನನಗೆ ರೇಗಿಹೋಯಿತು. "ಅಂಥದ್ದೇನಿತ್ತೇ ಅದ್ರಲ್ಲಿ? ಗಂಡನಿಗೆ ಏನ್ ಕಾಯಿಲೆ, ಹೇಳು ನೋಡೋಣ."

ಅವಳು ಕಡಲೆಪುರಿ ಚೀಲದ ಬಾಯಿ ಕಟ್ಟತೊಡಗಿದಳು.

"ಕೊನೇಗೆ ಅವ್ನು ಬದುಕಿದ್ನಾ, ಸತ್ತನಾ?"

"ಗೊತ್ತಿಲ್ಲ ಅತ್ಗೆಮ್ಮ" ಅಂದಳು, ಬಹಳ ಮೆಲ್ಲಗೆ.

ಬಿಟ್ಟೆನೇ ನಾನು? ಅಲ್ಲೇ ಸ್ಕೂಟರ್‌ಗಳ ಮಧ್ಯೆ ನಿಂತು ಗ್ರೂಪಿಗೆ ಹೇಳಿದೆ: "ಇವಳು ಸಿನಿಮಾನೇ ನೋಡಲ್ಲ. ಗಂಡ ಸತ್ತನಾ ಬದುಕಿದ್ನಾ ಅಂತ ಕೇಳಿ, ಗೊತ್ತಿಲ್ಲ ಇವಳಿಗೆ. ವರ್ಷದಿಂದ ನಿಮ್ಮನ್ನೆಲ್ಲ ಮಂಗ ಮಾಡವ್ಳೆ."

ಮಾರನೆಯ ದಿನ ಸೊಸೆ ಬಂದು, "ಅತ್ತೆ, ಚಿಕ್ಕತ್ತೆ ಗ್ರೂಪ್ ಬಿಟ್ಟು ಹೋಗಿದಾರೆ" ಅಂದಳು. ಗೆದ್ದೆ!

ಇನ್ನು ನನ್ನದೇ ರಾಜ್ಯ. ಕಾಯಿ ಬೇಡ ಅಂತ ನಾನು ಮುದ್ದೆಯ ಲೆಕ್ಕ ತಂದೆ. ಐದಕ್ಕೆ ಇಷ್ಟು ಮುದ್ದೆ. ಒಬ್ಬಳೇ ಹೋಗಿ ಕೂತೆ. ಸೆರಗು ಎಳೆಯುವವರಿಲ್ಲ, ಕಡಲೆಪುರಿ ತಿನ್ನುವಾಗ ಕಣ್ಣು ಹಾಕುವವರಿಲ್ಲ. ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ಹಾಳಾದ ನಿದ್ದೆಯೂ ಬರಲಿಲ್ಲ. ಹೊರಗೆ ಬಂದು "ಮೂರು ಮುದ್ದೆ" ಅಂತ ಕಳಿಸಿದೆ. ಎರಡು ದಿನ ಯಾರೂ ಉಸಿರೆತ್ತಲಿಲ್ಲ. ಮೂರನೆಯ ದಿನ ಕುಣಿಗಲ್ ಬೀಗಿತ್ತಿ ಫೋನು ಮಾಡಿದರು.

"ಬೀಗ್ರೇ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಮೂರು ಮುದ್ದೆ ಅಂದ್ರೆ ಕಾಯಿ ಲೆಕ್ಕದಲ್ಲಿ ಎಷ್ಟಾಗತ್ತೆ?"

ಫೋನು ಇಟ್ಟವಳೇ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ನಾನು ಗೆದ್ದರೂ ಗೆಲ್ಲಲು ಬಿಡದ ಆ ನಾದಿನಿಯನ್ನು ಎದುರು ಕೂರಿಸಿಕೊಂಡು ಬೈಯದಿದ್ದರೆ ನನಗೆ ಅನ್ನ ಇಳಿಯುವ ಹಾಗಿರಲಿಲ್ಲ.

ಚೇಳೂರು ತಲುಪಿದಾಗ ಮಧ್ಯಾಹ್ನ. ನಾದಿನಿ ಹಿತ್ತಲಲ್ಲಿ ಕೂತು ಸೋಗೆಯಿಂದ ಕಡ್ಡಿ ಸೀಳುತ್ತಿದ್ದಳು, ಪೊರಕೆಗೆ. ನನ್ನನ್ನು ನೋಡಿ ಎದ್ದು ಮಣೆ ಹಾಕಿದಳು. ಮುನಿಸಿನ ಗುರುತೇ ಇಲ್ಲ. ಮುನಿಸಿಕೊಂಡಿದ್ದರೆ ಬೈಯಲು ಸುಲಭವಾಗುತ್ತಿತ್ತು.

"ಯಾಕೇ, ಕಾಯಿ ಅಂಗಡಿ ಮುಚ್ಚಿಬಿಟ್ಟೆ?" ಅಂದೆ.

"ನೀನ್ ಹೇಳಿದ್ದು ಸರಿಯಾಗೇ ಇತ್ತಲ್ಲ ಅತ್ಗೆಮ್ಮ. ನಾನ್ ಸಿನಿಮಾ ನೋಡ್ತಿರ್ಲಿಲ್ಲ."

"ಮತ್ತೇನ್ ಮಾಡ್ತಿದ್ದೆ ಅಲ್ಲಿ ಮೂರು ಗಂಟೆ?"

"ನಿನ್ನ ನೋಡ್ತಿದ್ದೆ."

ಅವಳು ಕಡ್ಡಿ ಸೀಳುವುದನ್ನು ಬಿಡಲಿಲ್ಲ.

"ಆ ಪರದೆ ಮೇಲಿನ ಕಥೆ ನಂಗೆಲ್ಲಿ ಅರ್ಥ ಆಗತ್ತೆ? ಓಡ್ತಾರೆ, ಹೊಡೀತಾರೆ, ಕಾರಲ್ಲಿ ಹೋಯ್ತಾರೆ. ನಿನ್ ಮುಖ ಆದ್ರೆ ನಂಗೆ ಐವತ್ ವರ್ಷದಿಂದ ಗೊತ್ತು. ನೀನ್ ಗೊರಕೆ ಹೊಡೆದ್ರೆ ಒಂದ್ ಕಾಯಿ. ಹೀರೋನ ಬಯ್ದ್ರೆ ಎರಡು. ಪಕ್ಕದೋರ್ಗೆ ಸುಮ್ನಿರಿ ಅಂದ್ರೆ ಮೂರು. ಕಡಲೆಪುರಿ ಬಾಯಿಗ್ ಹಾಕೋದ್ ಮರ್ತು ಕೈಯಲ್ಲೇ ಇಟ್ಕಂಡ್ರೆ ನಾಕು."

ಅಂದರೆ ಕುಣಿಗಲ್‌ನ ಏಳು ಜನ ಬೀಗರು ಒಂದು ವರ್ಷ ಪೂರ್ತಿ ನಡೆದದ್ದು ನನ್ನ ಗೊರಕೆಯ ಮೇಲೆ! ನಲವತ್ತು ಜನರ ಚಪ್ಪಾಳೆ ಬಿದ್ದದ್ದು ನನ್ನ ಬೈಗುಳಕ್ಕೆ! ನಗಬೇಕೋ ಅವಳ ಜುಟ್ಟು ಹಿಡಿಯಬೇಕೋ ತಿಳಿಯಲಿಲ್ಲ.

"ಐದು ಯಾವುದಕ್ಕೇ?" ಅಂದೆ. ಕೇಳಬಾರದಿತ್ತು.

ಅವಳು ಕುಡುಗೋಲು ಕೆಳಗಿಟ್ಟಳು.

"ಅಣ್ಣ ಹೋದಾಗ ನೀನ್ ಅಳ್ಲಿಲ್ಲ. ಬಂದೋರ್ಗೆಲ್ಲ ಕಾಫಿ ಕಾಸಿ ಕೊಟ್ಕಂಡ್ ಓಡಾಡ್ದೆ. ಕಲ್ಲು ಅಂದ್ರು ಜನ, ನಾನೂ ಅಂದಿದೀನಿ. ಆರು ವರ್ಷ ಆಯ್ತು. ಅವತ್ತು ಆ ಹೆಂಗ್ಸು ಫ್ಲಾಸ್ಕ್ ಹಿಡ್ಕಂಡು ಮೆಟ್ಟಿಲು ಹತ್ತೋವಾಗ ನೀನು ಸೆರಗು ಬಾಯಿಗಿಟ್ಕಂಡು ಅತ್ತೆ. ಆಮೇಲೆ ನಾನ್ ಪರದೆ ಕಡೆ ತಿರುಗ್ಲೇ ಇಲ್ಲ. ಅವ್ನು ಸತ್ತನೋ ಬದುಕಿದ್ನೋ ನಂಗೆ ಹೆಂಗ್ ಗೊತ್ತಾಗ್ಬೇಕು?"

"ಏಸಿ ಗಾಳಿ ಕಣೇ. ಕಣ್ಣಿಗೆ ಹೊಡೀತು."

"ಹೂಂ. ಆ ಏಸಿ ಗಾಳಿಗೇ ಐದು ಕಾಯಿ."

ಬೈಯಲು ಬಂದವಳು ಬೈಯಲಿಲ್ಲ. ಉಳಿದ ಕಡ್ಡಿ ಸೀಳಿಕೊಟ್ಟೆ. ರಾತ್ರಿ ಅವಳು ಮಾಡಿದ ಉಪ್ಸಾರು ಉಪ್ಪಾಗಿತ್ತು, ಅದನ್ನು ಹೇಳಿದೆ. ಅಲ್ಲೇ ಮಲಗಿದೆ.

ಮಾರನೆಯ ದಿನ ಬೆಳಗ್ಗೆ ಅವಳನ್ನು ಎಬ್ಬಿಸಿ, ಕಡಲೆಪುರಿಯ ಚೀಲ ಕೈಗೆ ಕೊಟ್ಟು, ಮೊದಲ ಬಸ್ಸಿಗೆ ತುಮಕೂರಿಗೆ ಕರೆತಂದೆ. ಬೆಳಗಿನ ಆಟಕ್ಕೆ ಸೊಸೆಯಿಂದ ಎರಡು ಟಿಕೆಟ್ ತೆಗೆಸಿದೆ. ಯಾವ ಸಿನಿಮಾ ಅಂತ ಕೇಳಲಿಲ್ಲ. ಒಳಗೆ ಹೋಗಿ, ಅವಳು ಬಾಯಿ ತೆರೆಯುವ ಮುಂಚೆಯೇ ಅವಳ ಬಲಗಡೆ ಕೂತೆ. ಏಸಿ ಚಳಿ ಶುರುವಾಯಿತು. ದೀಪ ಆರಿತು. ನಾನು ಸೆರಗನ್ನು ತಲೆಯಿಂದ ಇಳಿಸಿ ಕೂತೆ.