ಬೋರ್ಡಿನ ಎರಡನೆಯ ಸಾಲು

ನನ್ನ ಸೋದರಮಾವನಿಗೆ ಈ ಲೋಕದಲ್ಲಿ ಬಾರದ ವಿದ್ಯೆ ಒಂದೇ ಎಂದು ನಾವೆಲ್ಲ ನಂಬಿದ್ದೆವು: ಕೂರುವುದು! ತಿರುವೊಟ್ಟಿಯೂರಿನಲ್ಲಿ ನಲವತ್ತು ವರ್ಷದಿಂದ ಹೋಟೆಲು ನಡೆಸುತ್ತಿದ್ದಾರೆ, ಅಲ್ಲಿನ ಕುರ್ಚಿಗಳೆಲ್ಲ ಗಿರಾಕಿಗಳಿಗೆ ಮಾತ್ರ. ಅವರ ಊಟವೂ ನಿಂತೇ. ತಮಿಳು ಪೇಪರನ್ನು ಹೋಟೆಲಿನ ಲೆಕ್ಕ ಬರೆಯುವ ನನ್ನಿಂದಲೋ ಸಪ್ಲೈಯರುಗಳಿಂದಲೋ ಗಟ್ಟಿಯಾಗಿ ಓದಿಸಿ, ತಾವು ಮೇಜುಗಳ ನಡುವೆ ಗಸ್ತು ತಿರುಗುತ್ತಾ ಕೇಳುತ್ತಾರೆ. "ಕೂತು ಓದ್ಲಿಕ್ಕೆ ನಂಗೆ ಪುರ್ಸೊತ್ತು ಎಲ್ಲುಂಟು ಮಾರಾಯ?" ಎನ್ನುತ್ತಾರೆ. ತಮ್ಮ ಮದುವೆಯ ಧಾರೆ ಮುಗಿಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಸಾಂಬಾರು ನೋಡಿಕೊಂಡು ಬಂದಿದ್ದರಂತೆ; ಅತ್ತೆ ಇನ್ನೂ ಕ್ಷಮಿಸಿಲ್ಲ!

ಇಂಥವರ ಹೋಟೆಲಿಗೆ ಕೊರೊನಾ ಬಂದರೆ ಏನಾಗಬೇಕು? ಕೂತು ತಿನ್ನುವಂತಿಲ್ಲ, ಪಾರ್ಸೆಲ್ ಮಾತ್ರ. ಮಾವ ಖಾಲಿ ಮೇಜುಗಳನ್ನು ದಿನಕ್ಕೆ ಹತ್ತು ಸಲ ಒರೆಸಿದರು. ಆಮೇಲೆ ಒರೆಸುವ ಬಟ್ಟೆಯನ್ನು ಹತ್ತು ಸಲ ಒಗೆದರು. ಕಡೆಗೆ ಅವರ ಕೈಗೆ ಸಿಕ್ಕವಳು ಸೆಲ್ವಿ.

ಸೆಲ್ವಿ ನಮ್ಮಲ್ಲಿ ಪಾತ್ರೆ ತೊಳೆಯುವ ಕನ್ನಿಯಮ್ಮನ ಮಗಳು. ಎಣ್ಣೂರಿನ ಆಚೆ, ಮೀನುಗಾರರ ಹಳ್ಳಿಯವಳು; ಈಗ ದಿನಾ ಅಮ್ಮನ ಜೊತೆ ಹೋಟೆಲಿಗೆ ಬರುತ್ತಿದ್ದಳು. ಅಲ್ಲಿಯ ಸ್ಕೂಲಿಗೆ ಮೊದಲೇ ಐದು ಕ್ಲಾಸಿಗೆ ಒಬ್ಬರೇ ಟೀಚರ್. ಅದೂ ಮುಚ್ಚಿ ಪಾಠವೆಲ್ಲ ಫೋನಿನಲ್ಲಿ ಎಂದಾಯಿತು. ಮನೆಗಿದ್ದ ಒಂದೇ ಫೋನು ಅಪ್ಪನ ಜೊತೆ ದೋಣಿ ಹತ್ತಿ ಸಮುದ್ರಕ್ಕೆ ಹೋಗುತ್ತಿತ್ತು. ಪಾಠ ಕಲಿತಿದ್ದರೆ ಮೀನುಗಳೇ ಕಲಿತಿರಬೇಕು! ಮೂರನೇ ಕ್ಲಾಸಿನಲ್ಲಿ ಅಕ್ಷರ ಕೂಡಿಸಿ ಓದುತ್ತಿದ್ದ ಹುಡುಗಿ ಒಂದೂಕಾಲು ವರ್ಷದಲ್ಲಿ ಎಲ್ಲ ಮರೆತಳು. ಇನ್ನು ಸ್ಕೂಲು ತೆರೆದರೂ ಕಳಿಸುವುದಿಲ್ಲ, ಸಿಗಡಿ ಸುಲಿಯುವ ಶೆಡ್ಡಿಗೆ ಸೇರಿಸುತ್ತೇನೆ ಎಂದಳು ಕನ್ನಿಯಮ್ಮ. ಓದಲು ಬಾರದವಳು ಐದನೇ ಕ್ಲಾಸಿನಲ್ಲಿ ಕೂತು ಮಾಡುವುದೇನು?

ಮಾವನಿಗೆ ಅದೇಕೋ ಸಿಟ್ಟು ನೆತ್ತಿಗೇರಿತು. ಓದಿಸಿಯೇ ತೀರುತ್ತೇನೆ ಎಂದರು. ಪುಸ್ತಕ? ಹೋಟೆಲಿನ ಗೋಡೆಯ ಕರಿಹಲಗೆ! ನಮ್ಮ ಹಳೆಯ ಅಡುಗೆ ಮಾಸ್ಟರ್ ದಿನಾ ಬೆಳಿಗ್ಗೆ ಅದರ ಮೇಲೆ ತಮಿಳಿನಲ್ಲಿ ತಿಂಡಿಗಳ ಹೆಸರು ಬರೆಯುತ್ತಿದ್ದರು, ವರ್ಷಗಟ್ಟಲೆ ಅದೇ ಕ್ರಮದಲ್ಲಿ. ಮಾವ ದೋಸೆ ಸಟ್ಟುಗ ಹಿಡಿದು, ಅತ್ತಿಂದಿತ್ತ ನಡೆಯುತ್ತಾ, ಸಾಲು ಸಾಲಾಗಿ ತೋರಿಸಿದ್ದೇ ತೋರಿಸಿದ್ದು. ಮಧ್ಯೆ ತಪ್ಪಿದರೆ ಮತ್ತೆ ಇಡ್ಲಿಯಿಂದ ಶುರು! ನಾಲ್ಕು ತಿಂಗಳಲ್ಲಿ ಹುಡುಗಿ ನಮ್ಮ ಸಪ್ಲೈಯರುಗಳ ಹಾಗೆಯೇ ಇಡ್ಲಿಯಿಂದ ಕಾಫಿಯವರೆಗೆ ಒಂದೇ ಉಸಿರಿಗೆ ಒಪ್ಪಿಸತೊಡಗಿದಳು. ಕನ್ನಿಯಮ್ಮ ಮಾತ್ರ ಜಗ್ಗಲಿಲ್ಲ. ಇದು ಬಾಯಿಪಾಠ, ಓದಲ್ಲ ಎಂದಳು. ನನಗೂ ಹಾಗೇ ಅನ್ನಿಸಿತ್ತು, ಹೇಳುವ ಧೈರ್ಯ ಬರಲಿಲ್ಲ.

ಸ್ಕೂಲು ತೆರೆಯುವ ಹಿಂದಿನ ದಿನ, ಮಗಳ ಓದನ್ನು ನೀನೇ ಕೇಳು ಎಂದು ಮಾವ ಕನ್ನಿಯಮ್ಮನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು. ಆ ವಾರವಷ್ಟೇ ಹಳೆಯ ಮಾಸ್ಟರ್ ಊರಿಗೆ ಹೋಗಿ, ಹೊಸಬ ಬಂದಿದ್ದ. ಬೋರ್ಡು ಅವತ್ತು ಅವನ ಕೈಬರಹದಲ್ಲಿತ್ತು. ಸೆಲ್ವಿ ಇಡ್ಲಿ ಎಂದವಳು ಅಲ್ಲೇ ನಿಂತಳು. ಮಾವ ಎರಡನೆಯ ಸಾಲಿಗೆ ಸಟ್ಟುಗ ಕುಟ್ಟಿ ಪೊಂಗಲ್ ಎಂದು ನೆನಪಿಸಿದರು. ಅವಳು ಬೋರ್ಡಿನ ಹತ್ತಿರ ಹೋಗಿ ಆ ಸಾಲನ್ನೇ ನೋಡಿದಳು. ಮಾವ ಇನ್ನೊಮ್ಮೆ ಗದರಿದರು.

"ಇಲ್ಲ ತಾತಾ," ಎಂದಳು ಸೆಲ್ವಿ, ಮೆಲ್ಲಗೆ. "ಅದು ವಡೈ. ಪೊಂಗಲ್ ಕೆಳಗಡೆ ಇದೆ."

ಮಾವ ಹೊಸ ಮಾಸ್ಟರನ ಮುಖ ನೋಡಿದರು. ಅವನು ಹೌದೆಂದು ತಲೆಯಾಡಿಸಿದ.

ಅಯ್ಯೋ ನನ್ನ ಮಾವ! ನಲವತ್ತು ವರ್ಷ ಈ ಊರಿನಲ್ಲಿದ್ದೂ ಅವರಿಗೆ ತಮಿಳಿನ ಒಂದಕ್ಷರ ಬರುತ್ತಿರಲಿಲ್ಲ. ಸಾಲುಗಳ ಕ್ರಮವನ್ನು ನೆನಪಿಟ್ಟುಕೊಂಡೇ ದಿನ ದೂಡಿದ್ದರು. ಪೇಪರು ಓದಿ ಹೇಳಿದ ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ. ನನಗೆ ನಾಚಿಕೆಯಾಯಿತು.

ಕನ್ನಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು, ನಾಳೆಗೆ ಸೆಲ್ವಿಯ ಯೂನಿಫಾರಮ್ಮಿನ ಹೊಲಿಗೆ ಬಿಚ್ಚಿ ಉದ್ದ ಮಾಡಬೇಕು, ಬೇಗ ಮನೆಗೆ ಹೋಗುತ್ತೇನೆ ಎಂದಳು.

ಮಾವ ಸಟ್ಟುಗವನ್ನು ಮೇಜಿನ ಮೇಲಿಟ್ಟರು. ಒಂದು ಕುರ್ಚಿ ಎಳೆದು ಬೋರ್ಡಿನ ಎದುರಿಗೆ ಕೂತರು.

"ಅದು ವಡೈ ಅಂತ ಹೇಗೆ ಗೊತ್ತಾಯ್ತು ಮಗಾ? ನಂಗೂ ಸ್ವಲ್ಪ ತೋರಿಸು."

ಸೆಲ್ವಿ ಮೊದಲನೆಯ ಅಕ್ಷರದ ಕೆಳಗೆ ಬೆರಳಿಟ್ಟಳು.