ದೊಡ್ಡಮ್ಮನ ವಯಸ್ಸು ಲಭ್ಯವಿಲ್ಲ

ನಗರದ ಸರಾಸರಿ ವಯಸ್ಸು ಲಭ್ಯವಿಲ್ಲ ಎಂಬ ಸಂಗತಿಯನ್ನು ಅಂಕಿಅಂಶ ಇಲಾಖೆಯು ಸೋಮವಾರ ಬೆಳಿಗ್ಗೆ, ಟೀ ವಿರಾಮಕ್ಕೆ ಸ್ವಲ್ಪ ಮುಂಚೆ, ಅಧಿಕೃತವಾಗಿ ಕಂಡುಕೊಂಡಿತು.

ಹಿಂದಿನ ವರ್ಷದವರೆಗೂ ನಗರಕ್ಕೆ ಒಂದು ಸರಾಸರಿ ವಯಸ್ಸು ಇತ್ತು. ಕೈಲೆಕ್ಕದಲ್ಲಿ ತೆಗೆಯುತ್ತಿದ್ದರು, ಯಾರೂ ತಕರಾರು ಮಾಡಿರಲಿಲ್ಲ. ಈ ವರ್ಷ ಇಲಾಖೆ ಹೊಸದೊಂದು ಗಣಕ ಭಾಷೆ ತರಿಸಿತು. ಅಂಕಿಅಂಶಕ್ಕೆಂದೇ ಹುಟ್ಟಿದ ಭಾಷೆಯಂತೆ. ಒಂದು ಸಾಲು ಆಜ್ಞೆ ಬರೆದರೆ ಸಾಕು, ಊರಿಗೆ ಊರನ್ನೇ ಕೂಡಿ ಭಾಗಿಸಿ ಕೈಗಿಡುತ್ತದಂತೆ. ಆ ಭಾಷೆ ಯಾರಿಗೂ ಬಾರದ ಕಾರಣ, ಸರ್ವಿಸಿನಲ್ಲಿ ಕೂದಲು ಉದುರಿಸಿಕೊಂಡವರನ್ನೂ ಸೇರಿಸಿ ಸಮಸ್ತ ಸಿಬ್ಬಂದಿಯನ್ನು ಒಂದೇ ಸುತ್ತೋಲೆಯಲ್ಲಿ 'ಆರಂಭಿಕರು' ಎಂದು ಘೋಷಿಸಲಾಯಿತು.

ನಮ್ಮ ಎಣಿಕೆ ಗುಮಾಸ್ತನೂ ಹೀಗೆ ಐವತ್ತೊಂದನೇ ವಯಸ್ಸಿಗೆ ಆರಂಭಿಕನಾದ. ಸರಾಸರಿ ಕೊಡು ಎಂದು ಬರೆದ. ಯಂತ್ರ 'ಲಭ್ಯವಿಲ್ಲ' ಎಂದಿತು. ಮತ್ತೆ ಬರೆದ, ಮತ್ತೆ ಅದೇ. ತಲೆ ಕೆರೆದುಕೊಂಡು ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದರೆ, ಒಂದನೇ ವಾರ್ಡು, ಮೊದಲ ಬೀದಿ, ನಾಲ್ಕನೇ ಸಾಲಿನಲ್ಲಿ ವಯಸ್ಸಿನ ಜಾಗ ಖಾಲಿ. ಇಡೀ ಊರಿಗೆ ಅದೊಂದೇ ಖಾಲಿ. ಹೆಸರು ನೋಡಿದ. ಅದು ಅವನನ್ನು ಸಾಕಿದ ದೊಡ್ಡಮ್ಮ.

ಮನೆಮನೆ ಎಣಿಕೆಗೆ ಬಂದಿದ್ದ ಇಲಾಖೆಯ ಇನ್ನೊಬ್ಬನನ್ನು ದೊಡ್ಡಮ್ಮ ಬಾಗಿಲಲ್ಲೇ ವಿಚಾರಿಸಿಕೊಂಡಿದ್ದಳು. "ನನ್ನ ವಯಸ್ಸು ಕಟ್ಟಿಕೊಂಡು ನಿನಗೇನಪ್ಪ ಆಗಬೇಕು? ಸಂಬಂಧ ತಂದಿದ್ದೀಯೇನು?" ಆ ಪುಣ್ಯಾತ್ಮ ಹೆದರಿ ಖಾಲಿ ಬಿಟ್ಟು ಹೋಗಿದ್ದ.

ಇದು ಬರೀ ಸರಾಸರಿಯ ಮಾತಾಗಿದ್ದರೆ ಗುಮಾಸ್ತ ಚಿಂತಿಸುತ್ತಿರಲಿಲ್ಲ. ದೊಡ್ಡಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಟೀಯನ್ನು ಲೋಟ ಬಿಟ್ಟು ಮೇಜಿಗೆ ಬಗ್ಗಿಸುತ್ತಿದ್ದಳು. ಕೋಟು ತೂಗುಹಾಕಿದ ಗೂಟಕ್ಕೆ "ಊಟ ಆಯ್ತೇನೋ?" ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಸಿಟ್ಟಾಗುತ್ತಿದ್ದಳು. ಶುಕ್ರವಾರ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್. ಆಸ್ಪತ್ರೆಯವರು ಇಲಾಖೆಯ ಪಟ್ಟಿಯಲ್ಲಿದ್ದವರನ್ನು ಮಾತ್ರ ಒಳಗೆ ಬಿಡುತ್ತಾರೆ.

ಗುಮಾಸ್ತ ಆರಂಭಿಕರ ಪ್ರಶ್ನೆಗಳ ಕಿಟಕಿಗೆ ಹೋದ. ಅಲ್ಲಿ ನಿಯಮಗಳನ್ನು ತೂಗುಹಾಕಿದ್ದರು: ಪ್ರಶ್ನೆ ಹಿಂದೆ ಯಾರೂ ಕೇಳಿರದಂಥದ್ದಾಗಿರತಕ್ಕದ್ದು. ಕೇಳುವ ಮೊದಲು ಪಟ್ಟ ಕಷ್ಟಕ್ಕೆ ಪುರಾವೆ ತೋರಿಸತಕ್ಕದ್ದು. ಕೊನೆಯಲ್ಲಿ 'ಧನ್ಯವಾದ' ಎನ್ನಕೂಡದು, ಅದರಿಂದ ತಜ್ಞರ ಸಮಯ ಹಾಳಾಗುತ್ತದೆ.

"ಸರ್, ಒಬ್ಬರ ವಯಸ್ಸು ಗೊತ್ತಿಲ್ಲ ಅಂದ್ರೆ ಇಡೀ ಊರಿನ ವಯಸ್ಸೇ ಗೊತ್ತಿಲ್ಲ ಅನ್ನುತ್ತೆ. ಏನ್ ಮಾಡ್ಲಿ?"

ಕಿಟಕಿಯೊಳಗಿನ ತಜ್ಞರು ತಲೆ ಎತ್ತಲಿಲ್ಲ. "ಇದನ್ನ ಆಗಲೇ ಕೇಳಿದ್ದಾರೆ."

"ಹೌದಾ ಸರ್? ಏನ್ ಉತ್ತರ ಕೊಟ್ರಿ?"

"ಆಗಲೇ ಕೇಳಿದ್ದಾರೆ ಅಂತ."

"ಅದಕ್ಕೂ ಮುಂಚೆ ಕೇಳಿದವರಿಗೆ?"

"ಕೈಪಿಡಿ ಓದಿ ಅಂತ."

"ಕೈಪಿಡಿಯಲ್ಲಿ ತಜ್ಞರನ್ನ ಕೇಳಿ ಅಂತಿದೆಯಲ್ಲ ಸರ್."

ತಜ್ಞರಿಗೆ ಇವನ ಕಷ್ಟದ ಪುರಾವೆ ಸಿಕ್ಕಂತಾಯಿತು. ಮುಖ ಸಿಂಡರಿಸಿಕೊಂಡು, "ಖಾಲಿ ಇರೋ ಸಾಲನ್ನ ಕಿತ್ತುಹಾಕ್ರೀ" ಎಂದು ಕಿಟಕಿ ಮುಚ್ಚಿದರು.

ಗುಮಾಸ್ತ ಕಿತ್ತುಹಾಕಿದ. ಸರಾಸರಿ ತಕ್ಷಣ ಬಂತು: ಮೂವತ್ತೇಳು. ನಿರ್ದೇಶಕರು ಬೆನ್ನು ತಟ್ಟಿದರು. ಮಧ್ಯಾಹ್ನವೇ ಆಸ್ಪತ್ರೆಯಿಂದ ಫೋನು. "ಶುಕ್ರವಾರದ ಪೇಷೆಂಟು ಊರಲ್ಲೇ ಇಲ್ವಂತೆ, ಹೆಸರು ಹೊಡೆದಿದ್ದೀವಿ."

ಓಡೋಡಿ ಮತ್ತೆ ಕಿಟಕಿಗೆ ಬಂದ. ಈ ಸಲ ತಜ್ಞರು ಖಾಲಿ ಜಾಗಕ್ಕೆ ಸರಾಸರಿಯನ್ನೇ ತುಂಬಲು ಹೇಳಿದರು. ಎಲ್ಲ ಕಡೆ ಹಾಗೇ ಮಾಡುತ್ತಾರಂತೆ. ಹಾಗಾಗಿ ದೊಡ್ಡಮ್ಮನಿಗೆ ಮೂವತ್ತೇಳಾಯಿತು. ಆಸ್ಪತ್ರೆಯವರು ಫೋನಿನಲ್ಲಿ ನಕ್ಕುಬಿಟ್ಟರು. "ಮೂವತ್ತೇಳಕ್ಕೆ ಪೊರೆ ಎಲ್ಲಿ ಬರುತ್ತೆ ಸ್ವಾಮಿ? ನಮ್ಮಲ್ಲಿ ಅರವತ್ತು ದಾಟಿದವರಿಗೆ ಸರದಿ, ಐದರ ಒಳಗಿನ ಮಕ್ಕಳಿಗೆ ಸರದಿ ಇಲ್ಲದೆ. ನಡುವಿನವರ ಕಣ್ಣು ನಿಯಮದ ಪ್ರಕಾರ ಚೆನ್ನಾಗಿರುತ್ತೆ."

ಸಂಜೆ ಮನೆಗೆ ಬಂದು ದೊಡ್ಡಮ್ಮನ ಮುಂದೆ ಕೂತ.

"ದೊಡ್ಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ, ವಯಸ್ಸು ಹೇಳಿಬಿಡು."

"ಹೇಳಲ್ಲ. ಇವತ್ತು ಬರ್ಕೊಂಡು ಹೋಗಿ ನಾಳೆ ಬೀದಿಗೆಲ್ಲ ಸಾರ್ತೀರಿ."

"ನಿನಗೆ ಕಣ್ಣು ಬೇಡ್ವಾ?"

ಆಕೆ ಅವನ ಮುಖವೆಂದುಕೊಂಡು ಹಿಂದಿನ ಕಪಾಟಿನ ಕಡೆ ನೋಡುತ್ತ, "ಬೇಕು ಕಣೋ. ನಿನ್ನ ಮುಖ ನೋಡಿ ಎಷ್ಟು ಕಾಲವಾಯ್ತು" ಎಂದಳು. ಗುಮಾಸ್ತ ಸರಿದು ಕಪಾಟಿನ ಮುಂದೆ ಕೂತ. "ಎಪ್ಪತ್ತರ ಮೇಲೆ ಅಂತ ಬರ್ಕೋ. ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಹೇಳಲ್ಲ."

ಮರುದಿನ ಅವನು ನಾಲ್ಕನೇ ಸಾಲಿನಲ್ಲಿ 'ಎಪ್ಪತ್ತರ ಮೇಲೆ' ಎಂದು ಅಕ್ಷರದಲ್ಲೇ ತುಂಬಿದ. ಯಂತ್ರ ಹಟಮಾರಿ. ವಯಸ್ಸಿನ ಅಂಕಣದಲ್ಲಿ ಒಂದು ಕಡೆ ಅಕ್ಷರ ಕಂಡದ್ದೇ ತಡ, ಊರಿನವರೆಲ್ಲರ ವಯಸ್ಸೂ ಅಂಕಿಯಲ್ಲ, ಬರೀ ಮಾತು ಎಂದು ತೀರ್ಮಾನಿಸಿತು. ಗುಮಾಸ್ತ ಗಾಬರಿಯಾಗಿ, 'ಎಲ್ಲವನ್ನೂ ಮತ್ತೆ ಅಂಕಿ ಮಾಡು' ಎಂದು ಆಜ್ಞೆ ಕೊಟ್ಟ. ಅದು ವಿಧೇಯವಾಗಿ ಮಾಡಿತು. ಪಟ್ಟಿಯಲ್ಲಿ ಮೊದಲು ಕಂಡ ವಯಸ್ಸಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಕಂಡ ಕ್ರಮದಲ್ಲಿ ನಂಬರು ಹಚ್ಚಿಕೊಂಡು ಹೋಯಿತು.

ಪರಿಣಾಮವಾಗಿ, ಮೊದಲ ಸಾಲಿನಲ್ಲಿದ್ದ ಮೂಲೆಮನೆಯ ದರ್ಜಿ ಒಂದು ವರ್ಷದ ಕೂಸಾದ. ದೊಡ್ಡಮ್ಮನಿಗೆ ನಾಲ್ಕು. ಅವಳ ಕೆಳಗಿನ ಸಾಲಿನಲ್ಲಿದ್ದ ಗುಮಾಸ್ತನಿಗೆ ಐದು. ಕೊನೆಯ ವಾರ್ಡಿನ ಹಸುಗೂಸೊಂದಕ್ಕೆ ಎಂಬತ್ತೆಂಟು.

ಗುಮಾಸ್ತ ಬೆವರುತ್ತ ನಿರ್ದೇಶಕರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡ. ನಿರ್ದೇಶಕರು ಮುಂದಿನ ತಿಂಗಳು ನಿವೃತ್ತರಾಗುವವರಿದ್ದರು. ಗೋಡೆಯ ಚಿತ್ರಗಳನ್ನು ಆಗಲೇ ಇಳಿಸಿ ಪೆಟ್ಟಿಗೆ ಕಟ್ಟಿದ್ದರು. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ನನಗೆಷ್ಟು ಬಂದಿದೆ?"

"ಇಪ್ಪತ್ತೆರಡು ಸರ್."

ನಿರ್ದೇಶಕರು ಎದ್ದು ಬಾಗಿಲು ಹಾಕಿದರು. "ನೋಡಿ, ಯಂತ್ರ ತಪ್ಪು ಮಾಡಲ್ಲ. ಇಷ್ಟು ದಿನ ಜನ ಬಾಯಿಗೆ ಬಂದ ವಯಸ್ಸು ಹೇಳ್ತಾ ಇದ್ರು, ಈಗ ಸರಿಯಾಗಿದೆ. ಆ ಪೆಟ್ಟಿಗೆ ಬಿಚ್ಚೋಕೆ ಹೇಳಿ."

ಅಂದೇ ಸಂಜೆ ಪ್ರಕಟಣೆ ಹೊರಟಿತು: 'ನಾಗರಿಕರು ತಮ್ಮ ಪರಿಷ್ಕೃತ ವಯಸ್ಸನ್ನು ತಿಳಿದುಕೊಂಡು ಅದಕ್ಕೆ ತಕ್ಕಂತೆ ನಡೆದುಕೊಳ್ಳತಕ್ಕದ್ದು. ಕನ್ನಡಿಯನ್ನು ದಾಖಲೆಯಾಗಿ ಪರಿಗಣಿಸಲಾಗುವುದಿಲ್ಲ.' ಊರು ಎರಡು ದಿನ ಗೊಣಗಿ ಹೊಂದಿಕೊಂಡಿತು. ಹೈಸ್ಕೂಲು ಹುಡುಗರು ಬಸ್ಸಿನಲ್ಲಿ ಹಿರಿಯ ನಾಗರಿಕರ ಸೀಟು ಹಿಡಿದರು. ದರ್ಜಿ ಮಾತ್ರ ಬಟ್ಟೆ ತಡವಾದಾಗಲೆಲ್ಲ, "ಮಗು ಅಲ್ವಾ, ಸ್ವಲ್ಪ ತಾಳ್ಮೆ ಇರಲಿ" ಎನ್ನತೊಡಗಿದ.

ಶುಕ್ರವಾರ ಆಸ್ಪತ್ರೆಯಲ್ಲಿ ದೊಡ್ಡಮ್ಮನಿಗೆ ಸರದಿಯೇ ಇರಲಿಲ್ಲ. ಸೀದಾ ಮಕ್ಕಳ ವಾರ್ಡು. ಗೋಡೆಯ ತುಂಬ ಮೊಲಗಳ ಚಿತ್ರ. ನರ್ಸು ಫಾರಂ ಹಿಡಿದು ಬಂದಳು.

"ಮಗುವಿನ ಜೊತೆ ದೊಡ್ಡವರು ಯಾರು ಬಂದಿದ್ದೀರಿ?"

"ನಾನು."

ಆಕೆ ಪಟ್ಟಿ ನೋಡಿದಳು. "ಐದು ವರ್ಷ. ಪರವಾಗಿಲ್ಲ, ಒಂದು ವರ್ಷ ದೊಡ್ಡವರೇ. ನೀವೇನಾಗಬೇಕು ಮಗುವಿಗೆ?"

ಗುಮಾಸ್ತ ಪಟ್ಟಿಗೆ ಒಪ್ಪುವ ಉತ್ತರ ಯೋಚಿಸಿದ. "ಅಣ್ಣ" ಎಂದ.

"ಸೈನ್ ಮಾಡಿ."

ಆಪರೇಷನ್ ಸಲೀಸಾಗಿ ಆಯಿತು. ಅಳಲಿಲ್ಲವೆಂದು ಮೆಚ್ಚಿ ಡಾಕ್ಟರು ದೊಡ್ಡಮ್ಮನಿಗೆ ಒಂದು ಬಲೂನು ಕೊಟ್ಟರು. ಮಾರನೇ ದಿನ ಕಣ್ಣಿನ ಪಟ್ಟಿ ಬಿಚ್ಚಿದಾಗ ಆಕೆ ಮೊದಲು ಮೊಲಗಳನ್ನು ನೋಡಿದಳು, ಬಲೂನು ನೋಡಿದಳು, ಆಮೇಲೆ ಗುಮಾಸ್ತನನ್ನು. ನೋಡುತ್ತಲೇ ಇದ್ದಳು. ಕೈ ಚಾಚಿ ಅವನ ತಲೆ ಸವರಿದಳು.

"ಅಯ್ಯೋ ನನ್ನ ಕಂದ," ಎಂದಳು, "ಐದಕ್ಕೇ ಹಿಂಗೆ ತಲೆ ಬೆಳ್ಳಗಾಗೋಯ್ತಲ್ಲೋ."