ತವರಿಗೆ ಬಂದ ದೇವಿ ಮತ್ತು ನಮ್ಮ ಸೋದರತ್ತೆ

ಭಕ್ತರು ದೇವಿಗೆ ಹೆದರುವುದು ಲೋಕರೂಢಿ. ಹೈದರಾಬಾದಿನ ಉಪ್ಪಲ್‌ನಲ್ಲಿ ಮಾತ್ರ ದೇವಿಯರೇ ನಮ್ಮ ಸೋದರತ್ತೆಗೆ ಹೆದರುತ್ತಾರೆ!

ಹೆದರದೆ ಏನು ಮಾಡಿಯಾರು? ಅತ್ತೆಯ ಪ್ರಕಾರ ಸವದತ್ತಿಯ ಎಲ್ಲಮ್ಮ, ಆಲಂಪುರದ ಜೋಗುಳಾಂಬೆ, ತಮ್ಮ ಓಣಿಯ ಬೇವಿನಡಿಯ ಮೈಸಮ್ಮ ಎಲ್ಲರೂ ಅಕ್ಕತಂಗಿಯರು. ಒಬ್ಬಳ ಸುದ್ದಿ ಇನ್ನೊಬ್ಬಳಿಗೆ ಮುಟ್ಟಿಸುವ ಕೆಲಸ ಅತ್ತೆಯದು. "ನಿಮ್ಮಕ್ಕ ಹಸಿರು ಸೀರಿ ಉಟ್ಟಿದ್ಲವ್ವ, ಭಾಳ ಛಲೋ ಕಾಣ್ತಿದ್ಲು. ನೀ ಇದೇನು, ಮಾಸಿದ್ದು ಉಟ್ಟು ಕುಂತೀಯಲ್ಲ!" ಮರುದಿನವೇ ಮೈಸಮ್ಮನಿಗೆ ಹೊಸ ಸೀರೆ. ದೇವಿಯ ಮಹಿಮೆ ಎಂದರು ಜನ. ಪೂಜಾರಿಗೆ ಅತ್ತೆಯ ಬಾಯಿ ಗೊತ್ತಿತ್ತು!

ನಾನೋ ವಿಶ್ವವಿದ್ಯಾಲಯದಲ್ಲಿ ಓದಿ ಎಲ್ಲವನ್ನೂ ಸಂಶಯಿಸಲು ಕಲಿತವನು. ಈಗೀಗ ನನ್ನ ನೆನಪನ್ನೂ ಬಿಟ್ಟಿಲ್ಲ. ಆದರೂ ಇದು ನಡೆದದ್ದು ನಿಜವಿರಬೇಕು. ನಾನು ಹೈದರಾಬಾದಿಗೆ ಬಂದ ಹೊಸತು, ದೇವಿಗೆ ಗಡಿಗೆಯಲ್ಲಿ ಎಡೆ ಹೊತ್ತೊಯ್ಯುವ ಆಷಾಢದ ಬೋನಾಲು ಹಬ್ಬ. ಅತ್ತೆಯ ಪಕ್ಕದ ಮನೆಯ ತೆಲುಗು ಅಜ್ಜಿ ಮೈಸಮ್ಮನ ಬೇವಿನಡಿ ತೋರಿಸಿ "ಇದೇ ಅಮ್ಮವಾರಿ ಪುಟ್ಟಿಲ್ಲು" ಎಂದರು. ನನಗೆ ಕೇಳಿಸಿದ್ದು 'ಹುಟ್ಟಿಲ್ಲ'!

"ನೋಡತ್ತಿ, ದೇವಿ ಹುಟ್ಟೇ ಇಲ್ಲಂತ! ಅವರೇ ಒಪ್ಪಿಕೊಂಡ್ರು!"

"ಪುಟ್ಟಿಲ್ಲು ಅಂದ್ರ ತವರಮನಿ, ಶಾಣ್ಯಾ! ಆಷಾಢದಾಗ ದೇವಿ ತವರಿಗೆ ಬರ್ತಾಳ. ಇಷ್ಟು ಓದಿ ತವರು ತಿಳೀಲಿಲ್ಲಲ್ಲ ನಿನಗ?"

ಓಣಿಯೆಲ್ಲ ನಕ್ಕಿತು. ಮೈಸಮ್ಮನೂ ನಕ್ಕಳೆಂದು ಅತ್ತೆಯ ಸಾಕ್ಷಿ.

ಆಷಾಢ ಕಳೆದು ನಾಗರ ಪಂಚಮಿ ಬಂತೆಂದರೆ ನನ್ನಪ್ಪ ಕಲಬುರಗಿಯಿಂದ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುತ್ತಿದ್ದರು. ಹೋದ ವರ್ಷ ಅಪ್ಪ ತೀರಿಕೊಂಡರು. ಊರಲ್ಲಿ ನಮ್ಮವರೆಂದು ಯಾರೂ ಉಳಿಯಲಿಲ್ಲ.

ಈ ಸಲ ಬೋನಾಲಿಗೆ ಹೋದಾಗ ಅತ್ತೆ ಮೈಸಮ್ಮನೆದುರು ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತಿದ್ದಳು.

"ನಿನಗೇನವ್ವ, ಊರಿಗೂರೇ ಹಲಗಿ ಹೊಡಕೊಂತ ಕರಿಯಾಕ ಬಂದೈತಿ. ಪಂಚಮಿಗೆ ನನ್ನ ಕರಿಯಾಕ ಯಾರದಾರ? ಹೇಳು!"

ದೇವಿ ಏನು ಹೇಳಿಯಾಳು? ನನ್ನ ಬಾಯಿ ತಾನಾಗಿಯೇ ಆಡಿತು.

"ಅತ್ತೀ, ಕರಿಯಾಕ ನಾ ಬಂದೀನಿ."

"ಎಲ್ಲಿಗೋ?"

"ಗಚ್ಚಿಬೌಲಿಗೆ, ನಮ್ಮನಿಗೆ. ಹನ್ನೊಂದನೇ ಮಹಡಿ."

"ಪಂಚಮಿ ಉಂಡಿ ಯಾರು ಕಟ್ಟತಾರ?"

"ನೀನ!"

"ಇದೆಂಥಾ ತವರೋ, ಖೋಡಿ!"

ಬೈದವಳೇ ಮೈಸಮ್ಮನತ್ತ ತಿರುಗಿದಳು. ಬಾಗಿ, ದೇವಿಯ ಸೀರೆಯ ನೆರಿಗೆಯನ್ನು ಮೆಲ್ಲಗೆ ಸರಿಪಡಿಸಿದಳು. "ಬೈದಿದ್ದು ಮನಸಿನಾಗ ಇಟ್ಕೋಬ್ಯಾಡವ್ವ. ನನಗೂ ತವರಿಂದ ಬಂದಾರ."

'ಬಂದಾನ' ಎಂದಳೋ 'ಬಂದಾರ' ಎಂದಳೋ, ನನ್ನ ಕಿವಿಯನ್ನು ನಾನು ನಂಬುವುದಿಲ್ಲ. 'ತವರಿಂದ' ಎಂದದ್ದು ಮಾತ್ರ ಈ ಸಲ ಸರಿಯಾಗಿ ಕೇಳಿಸಿತು.